ಗರುಡನಿಗೆ ಗುರಿಯಿಡದವರು

ಶಿರಾದ ಕುರಿಸಂತೆ ಮುಗಿದು, ಮಾರಿದವರು ಟವಲು ಕೊಡವಿಕೊಂಡು ಎದ್ದು, ಮಾರದೆ ಉಳಿದ ಕುರಿಗಳನ್ನು ಹೊಡೆದುಕೊಂಡು ಹೋಗುವವರು ಹೋಗಿ, ಎದ್ದ ದೂಳು ಇನ್ನೂ ನೆಲಕ್ಕೆ ಕೂತಿರುತ್ತಿರಲಿಲ್ಲ, ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ನಾಗಲಿಂಗನ ಅಂಗಡಿ ತುಂಬಿಹೋಗುತ್ತಿತ್ತು. ಅಂಗಡಿ ಅಂದರೆ ಒಂದೇ ಕೋಣೆ. ಕೋಣೆಯಲ್ಲಿದ್ದದ್ದು ಒಂದೇ ಸಾಮಾನು. ಆಳೆತ್ತರದ ಮರದ ಪೆಟ್ಟಿಗೆ, ಅದರ ಎದೆಮಟ್ಟಕ್ಕೆ ಟೀವಿಯಂಥ ಗಾಜು, ಗಾಜಿನ ಕೆಳಗೆ ಅತ್ತಿತ್ತ ಆಡುವ ಒಂದು ಹಿಡಿ, ಪಕ್ಕದಲ್ಲಿ ಒಂದು ಕೆಂಪು ಗುಂಡಿ. ಎಂಬತ್ತೇಳನೇ ಇಸವಿಯ ಆಸುಪಾಸಿನ ಮಾತು. ಪೇಟೆಯ ಹುಡುಗರು ಅದನ್ನು ವಿಡಿಯೋ ಗೇಮು ಅನ್ನುತ್ತಿದ್ದರು. ಸಂತೆಗೆ ಬರುವ ಕುರಿಯವರು ತೋಳದ ಪೆಟ್ಟಿಗೆ ಅನ್ನುತ್ತಿದ್ದರು.

ಆ ಹೆಸರು ಬಂದದ್ದು ಸಿದ್ದಗಂಗಯ್ಯನ ಬಾಯಿಂದ.

ಸಿದ್ದಗಂಗಯ್ಯ ನಾಗಲಿಂಗನ ಸೋದರಮಾವ. ಪ್ರಾಯದಲ್ಲಿ ಮಧುಗಿರಿ, ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ದೀಪ ಹಚ್ಚಿಟ್ಟುಕೊಂಡು ಕತೆ ಹೇಳುತ್ತಿದ್ದವನು. ಸುಗ್ಗಿ ಮುಗಿದರೆ ಸಾಕು, ಇಂಥ ಊರಿಗೆ ಬಾ, ನಮ್ಮ ಗುಡಿ ಮುಂದೆ ಹೇಳು ಅಂತ ಕರೆ ಬರುತ್ತಿತ್ತು. ಆಮೇಲೆ ಹೆಂಡತಿ ತೀರಿಕೊಂಡಳು, ಗಂಟಲು ಕೆಟ್ಟಿತು, ಕರೆಯುವವರೂ ಕಡಿಮೆಯಾದರು. ತಂಗಿ ಲಕ್ಕಮ್ಮನ ಮನೆಗೆ ಬಂದು ಸೇರಿಕೊಂಡ. ಅವಳ ಮಗ ನಾಗಲಿಂಗ ಸೈಕಲ್ ಬಾಡಿಗೆ ಅಂಗಡಿ ಇಟ್ಟು ಮುಚ್ಚಿದ್ದ, ಕ್ಯಾಸೆಟ್ ಅಂಗಡಿ ಇಟ್ಟು ಮುಚ್ಚಿದ್ದ, ಕಡಲೆಕಾಯಿ ಮಿಲ್ಲಿನಲ್ಲಿ ಮೂಟೆ ಹೊತ್ತು ಸೊಂಟ ಹಿಡಿಸಿಕೊಂಡಿದ್ದ. ಬೆಂಗಳೂರಿನ ವ್ಯಾಪಾರಿಯೊಬ್ಬ ಈ ಪೆಟ್ಟಿಗೆಯನ್ನು ಗಳಿಕೆಯಲ್ಲಿ ಪಾಲಿನ ಮೇಲೆ ತಂದಿಟ್ಟಾಗ ಲಕ್ಕಮ್ಮ ಅಣ್ಣನಿಗೆ ಒಂದೇ ಮಾತು ಹೇಳಿದ್ದಳು.

"ಇದೊಂದರಲ್ಲಾದ್ರೂ ಅವನು ನಿಂತ್ಕಳ್ಳಿ ಕಣಣ್ಣಾ. ನೀನು ಬಾಗಿಲಲ್ಲಿ ಕೂತಿರು, ಅಷ್ಟೇ ಸಾಕು."

ಹಾಗೆ ಅವನು ಬಾಗಿಲಲ್ಲಿ ಕೂತ.

ಪೆಟ್ಟಿಗೆ ಮೂಗ. ಲಾರಿಯಿಂದ ಇಳಿಸುವಾಗಲೇ ಅದರ ಸ್ಪೀಕರು ಕೆಟ್ಟಿತ್ತು. ರೇಡಿಯೋ ರಿಪೇರಿಯ ಸಾಬರು ಹಿಂಬದಿ ಬಿಚ್ಚಿ ನೋಡಿ, "ಇದು ಬಿಲ್ಕುಲ್ ಖತಂ, ಇಲಿ ತಿಂದುಹಾಕಿದೆ" ಅಂದು ಮುಚ್ಚಿದ್ದರು. ಗಾಜಿನ ಮೇಲೆ ಸದ್ದಿಲ್ಲದೆ ಮೇಲಿನಿಂದ ಸಾಲು ಸಾಲಾಗಿ ಏನೋ ಇಳಿಯುತ್ತಿತ್ತು, ಕೆಳಗೆ ಸಣ್ಣದೊಂದು ಬಂದೂಕು ಅತ್ತಿತ್ತ ಓಡುತ್ತಿತ್ತು. ಎಲ್ಲ ಬಿಳಿ ಚುಕ್ಕೆ, ಕಪ್ಪು ಹಿನ್ನೆಲೆ. ಮೊದಲ ಸಂತೆಯ ದಿನ ಒಳಗೆ ಬಂದ ಕುರಿಯವರು ಸುಮ್ಮನೆ ನಿಂತು ನೋಡಿದರು. ಬುಕ್ಕಾಪಟ್ಟಣದ ಕಡೆಯ ಯತ್ತಪ್ಪ, ಹೆಗಲ ಕಂಬಳಿ ಸರಿ ಮಾಡಿಕೊಳ್ಳುತ್ತ, "ಇವೇನು ತಿಗಣೆಗಳಾ?" ಅಂದ. ಎಲ್ಲರೂ ನಕ್ಕರು. ಇನ್ನೇನು ಹೊರಟುಬಿಡುತ್ತಾರೆ ಅನ್ನುವಾಗ ಬಾಗಿಲಲ್ಲಿ ಕೂತಿದ್ದ ಸಿದ್ದಗಂಗಯ್ಯನ ಬಾಯಿ ಸುಮ್ಮನಿರಲಿಲ್ಲ.

"ತಿಗಣೆ ಅಲ್ಲ ಕಣ್ಲಾ, ತೋಳ. ನಿಮ್ಮೂರ ಕಾವಲಿಂದ ಇಳೀತಾ ಅವೆ. ಆ ನಾಕು ಗುಡ್ಡೆ ಅವಲ್ಲ, ಅವು ದೊಡ್ಡಿ. ದೊಡ್ಡಿ ಹಿಂದೆ ನೀನು. ಕವಣೆ ನಿನ್ನ ಕೈಲದೆ. ಕುರಿ ನಿನ್ನವೋ ಪಕ್ಕದವನವೋ ನೋಡ್ಕಾ."

ಯತ್ತಪ್ಪ ಹಿಡಿಗೆ ಕೈಯಿಟ್ಟ. ಅಲ್ಲಿಂದ ಶುರುವಾಯಿತು. ತೋಳಗಳು ಇಳಿದಂತೆಲ್ಲ ಸಿದ್ದಗಂಗಯ್ಯನ ಮಾತು ಇಳಿಯುತ್ತಿತ್ತು. ಎಡಗಡೆ ಸಾಲು ಹತ್ತಿರ ಬಂದರೆ ದನಿ ಬಿಗಿಯಾಗುತ್ತಿತ್ತು, ದೊಡ್ಡಿಯ ಗೋಡೆ ಒಡೆದರೆ ಕುರಿ ಅರಚುತ್ತಿತ್ತು, ಒಬ್ಬ ಕಾವಲುಗಾರ ಸತ್ತರೆ ಹಿಂದಿನಿಂದ ಅವನ ತಮ್ಮ ಕೋಲು ಹಿಡಿದು ಓಡಿ ಬರುತ್ತಿದ್ದ. ಆಡುವವನು ಒಬ್ಬ, ಉಸಿರು ಬಿಗಿಹಿಡಿದವರು ಕೋಣೆ ತುಂಬ.

ಗರುಡ ಬಂದದ್ದು ಹೀಗೆಯೇ. ಆಟದ ನಡುವೆ ಆಗೊಮ್ಮೆ ಈಗೊಮ್ಮೆ ಗಾಜಿನ ತುತ್ತತುದಿಯಲ್ಲಿ ಚಪ್ಪಟೆಯದೊಂದು ಈ ಕಡೆಯಿಂದ ಆ ಕಡೆಗೆ ದಾಟಿಹೋಗುತ್ತಿತ್ತು. ಹೊಡೆದರೆ ಹೆಚ್ಚಿಗೆ ಅಂಕ, ಬಿಟ್ಟರೆ ನಷ್ಟವಿಲ್ಲ. ಒಂದು ಸಂತೆಯ ಸಂಜೆ ಸಿದ್ದಗಂಗಯ್ಯನ ಗಂಟಲು ಒಣಗಿ ಮಾತು ತಡವರಿಸಿತು. ಅದೇ ಹೊತ್ತಿಗೆ ಅದು ದಾಟಿತು. ಏನಾದರೂ ಹೇಳಲೇಬೇಕಲ್ಲ, "ಗರುಡ ಬಂದ ನೋಡ್ರಪ್ಪಾ" ಅಂದುಬಿಟ್ಟ.

ಯತ್ತಪ್ಪ ಹಿಡಿ ಬಿಟ್ಟು ಎರಡೂ ಕೈ ಮುಗಿದ. ಕೆನ್ನೆ ತಟ್ಟಿಕೊಂಡ. ಹಿಂದಿದ್ದವರೂ ಮುಗಿದರು. ಅಷ್ಟರಲ್ಲಿ ತೋಳ ಬಂದು ಕಾವಲುಗಾರನನ್ನು ಹಿಡಿಯಿತು.

"ಹೋದ್ರೆ ಹೋಗ್ಲಿ ಬುಡು," ಅಂದ ಯತ್ತಪ್ಪ. ಬಯಲಲ್ಲಿ ಕುರಿ ಬಿಟ್ಟುಕೊಂಡು ನಿಂತಾಗ ನೆತ್ತಿಯ ಮೇಲೆ ಗರುಡ ಕಂಡರೆ ಮಾಡುವುದನ್ನೇ ಅವನು ಮಾಡಿದ್ದ. ಬೇರೇನೂ ಅವನ ತಲೆಯಲ್ಲಿರಲಿಲ್ಲ.

ಅಂದಿನಿಂದ ಅದು ಕಟ್ಟಳೆಯಾಯಿತು. ಗರುಡ ಬಂದರೆ ಹಿಡಿ ಬಿಡಬೇಕು, ಕೈ ಮುಗಿಯಬೇಕು, ಆಮೇಲೆ ಹಿಡಿ. ಆಟದ ಗತ್ತೆಲ್ಲ ಅದರಲ್ಲೇ ಬಂತು. ಕೈ ಮುಗಿಯಲು ಬಿಡುವು ಬೇಕಾದರೆ ಕೆಳಗಿನ ಸಾಲನ್ನು ಮೊದಲೇ ಚೊಕ್ಕ ಮಾಡಿಕೊಂಡಿರಬೇಕು. ಅವಸರದಲ್ಲಿ ಒಂದೇ ಕೈ ಎತ್ತಿದವನನ್ನು ಉಳಿದವರು ಬಿಡುತ್ತಿರಲಿಲ್ಲ. "ಲೇ, ದೇವರಿಗೆ ಸಲಾಮು ಹೊಡೀತೀಯೇನ್ಲಾ?" ಅಂತ ಕಾಡಿಸುತ್ತಿದ್ದರು. ಪೇಟೆಯ ಹುಡುಗರೂ, ಸಾಬರ ಮಕ್ಕಳೂ, ಆ ಚಪ್ಪಟೆಯದು ದಾಟುವ ತನಕ ಗುಂಡಿ ಒತ್ತದೆ ನಿಲ್ಲುತ್ತಿದ್ದರು. ಶಿರಾದಲ್ಲಿ ಆ ಪೆಟ್ಟಿಗೆ ಇದ್ದಷ್ಟು ಕಾಲ ಗರುಡನನ್ನು ಯಾರೂ ಹೊಡೆಯಲಿಲ್ಲ.

ಸಿದ್ದಗಂಗಯ್ಯನಿಗೆ ಮಾತ್ರ ದಣಿವು. ದಿನಾ ಸಂಜೆ ಮನೆಗೆ ಬಂದರೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಲಕ್ಕಮ್ಮ ಬಿಸಿನೀರಿಗೆ ಉಪ್ಪು ಹಾಕಿಕೊಟ್ಟರೆ ಮುಕ್ಕಳಿಸಿ ಗೋಡೆಗೊರಗುತ್ತಿದ್ದ. ಹಳ್ಳಿಯಲ್ಲಾದರೆ ಕತೆಗೆ ಮಂಗಳ ಅಂತ ಒಂದಿತ್ತು, ಹಾಡಿ ಏಳಬಹುದಿತ್ತು. ಈ ಪೆಟ್ಟಿಗೆಯಲ್ಲಿ ತೋಳಗಳು ಮುಗಿಯುವುದೇ ಇಲ್ಲ. ಒಂದು ಹಿಂಡು ಸತ್ತರೆ ಇನ್ನೊಂದು ಹಿಂಡು. ಒಳಗೊಳಗೇ ಅವನು ಬೇಡಿಕೊಳ್ಳುತ್ತಿದ್ದ, ಸ್ವಾಮೀ, ನನಗೊಂದಿಷ್ಟು ಸುಮ್ಮನಿರುವುದನ್ನು ಕೊಡು ಅಂತ.

ಕೊಟ್ಟ ಹಾಗೆಯೇ ಆಯಿತು.

ಅಂಗಡಿ ಚೆನ್ನಾಗಿ ನಡೆಯುವುದನ್ನು ಕಂಡ ವ್ಯಾಪಾರಿ, ಅದೇ ಆಟದ ಎರಡನೇ ಭಾಗ ಬಂದಿದೆ, ಬಣ್ಣದ್ದು, ಸದ್ದಿನದು, ಹಳೇದನ್ನು ಒಯ್ದು ಹೊಸದನ್ನು ಇಡುತ್ತೇನೆ ಅಂದ. ನಾಗಲಿಂಗ ಕೋಣೆಗೆ ಸುಣ್ಣ ಹೊಡೆಸಿದ. ಹಳೇ ಪೆಟ್ಟಿಗೆ ಲಾರಿ ಹತ್ತಿ ಪಾವಗಡಕ್ಕೆ ಹೋಯಿತು. ಹೊಸದಕ್ಕೆ ಲಕ್ಕಮ್ಮ ಅರಿಶಿನ ಕುಂಕುಮ ಇಟ್ಟು ನಿಂಬೆಹಣ್ಣು ಇಳಿ ತೆಗೆದಳು. ಗುಂಡಿ ಒತ್ತಿದರೆ ಡೋಲು ಬಡಿದಂತೆ, ಸಿಳ್ಳೆ ಹಾಕಿದಂತೆ, ಕೋಣೆಯೇ ನಡುಗುವ ಸದ್ದು. ಸಿದ್ದಗಂಗಯ್ಯ ಒಂದು ಮಾತು ಆಡಿ ನೋಡಿದ. ಅವನ ಮಾತು ಅವನಿಗೇ ಕೇಳಲಿಲ್ಲ.

"ಇನ್ನು ನೀನು ಕೂಗಾಡಂಗಿಲ್ಲ ಮಾವ," ಅಂದ ನಾಗಲಿಂಗ ಹುರುಪಿನಲ್ಲಿ. "ಅದೇ ಎಲ್ಲಾ ಮಾತಾಡ್ತದೆ. ನೀನು ಹಾಯಾಗಿ ಕೂತ್ಕಾ."

ಹಾಯಾಗಿಯೇ ಕೂತ. ಎಷ್ಟೋ ಕಾಲದ ಮೇಲೆ ಸಂಜೆ ಮನೆಗೆ ಬಂದು ತಂಗಿಯ ಜೊತೆ ನಾಲ್ಕು ಮಾತಾಡಿದ, ದೇವರ ಮುಂದೆ ಕೂತು ಒಂದು ಪದ ಗುನುಗಿದ. ಗಂಟಲು ಕೆರೆಯಲಿಲ್ಲ. ಇದು ಸ್ವಾಮಿಯ ದಯೆಯೇ ಅಂದುಕೊಂಡ.

ಮೊದಲ ಸಂತೆಯ ದಿನ ಜನ ಕಿಕ್ಕಿರಿದು ಬಂದರು. ಯತ್ತಪ್ಪನೇ ಮೊದಲು ಹಿಡಿ ಹಿಡಿದ. ತೋಳಗಳಿಗೆ ಹಸಿರು ಬಣ್ಣ, ದೊಡ್ಡಿಗೆ ನೀಲಿ. ಚಕಚಕನೆ ಹೊಡೆದು ಮುಗಿಸಿದ. ಕೊನೆಗೆ ಗಾಜು ತೆರವಾಗಿ, ಮೇಲಿನಿಂದ ಒಂದೇ ಒಂದು ಹಕ್ಕಿ ಇಳಿಯಿತು. ಹಳೇ ಪೆಟ್ಟಿಗೆಯಲ್ಲಿ ಬರೀ ಗೆರೆಯಾಗಿದ್ದದ್ದು ಇಲ್ಲಿ ರೆಕ್ಕೆ ಬಿಚ್ಚಿತ್ತು. ಇಟ್ಟಿಗೆಗೆಂಪು ಮೈ, ಬೆಳ್ಳಗಿನ ಕುತ್ತಿಗೆ. ಯಾವ ದೇಶದಲ್ಲಿ ಯಾರು ಕೂತು ಬರೆದರೋ, ಶಿರಾ ಕೆರೆಯ ಮೇಲೆ ಸುತ್ತುವ ಗರುಡನನ್ನೇ ಕಂಡು ಬರೆದ ಹಾಗಿತ್ತು.

ಕೋಣೆಯಲ್ಲಿದ್ದ ಕೈಗಳೆಲ್ಲ ಒಟ್ಟಿಗೆ ಮುಗಿದವು. ಯತ್ತಪ್ಪ ಕಣ್ಣು ಮುಚ್ಚಿ ಕೆನ್ನೆ ತಟ್ಟಿಕೊಂಡ. ಹಕ್ಕಿ ದಾಟಿ ಹೋಗಲಿಲ್ಲ. ನೆತ್ತಿಯ ಮೇಲೇ ಸುತ್ತು ಹಾಕಿ, ಕೊಕ್ಕು ತೆರೆದು ಬೆಂಕಿ ಕಾರಿತು. ಕಾವಲುಗಾರ ಸತ್ತ. ಯತ್ತಪ್ಪ ಮತ್ತೆ ಮುಗಿದ. ಕಾವಲುಗಾರನ ತಮ್ಮನೂ ಸತ್ತ. ಕೊನೆಯವನೂ ಸತ್ತ. ಗಾಜು ಕಪ್ಪಾಯಿತು.

"ಅಲ್ಲಾ ಕತೆಯಯ್ಯ," ಯತ್ತಪ್ಪ ಬಾಗಿಲ ಕಡೆ ತಿರುಗಿದ. ಕುರಿಯವರು ಸಿದ್ದಗಂಗಯ್ಯನನ್ನು ಕರೆಯುತ್ತಿದ್ದದ್ದು ಹಾಗೆ. "ಕೈ ಮುಗುದ್ರೂ ಬೆಂಕಿ ಹಾಕ್ತದಲ್ಲಾ, ಗರುಡಪ್ಪಂಗೆ ನಮ್ ಮ್ಯಾಲೆ ಯಾಕೆ ಇಷ್ಟೊಂದು ಸಿಟ್ಟು?"

ವ್ಯಾಪಾರಿ ಕಳಿಸಿದ್ದ ಮೆಕ್ಯಾನಿಕ್ ನಕ್ಕು, "ಅದನ್ನ ಹೊಡೀಬೇಕು ಕಣಯ್ಯಾ. ಅದನ್ನ ಬೀಳಿಸಿದ್ರೇನೇ ಮುಂದಿನ ಬಾಗಿಲು ತೆಗೆಯೋದು," ಅಂದ.

ಯತ್ತಪ್ಪ ಹಿಡಿಯಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡ. ಅವನ ಹಿಂದಿದ್ದವನು ಆಡಿದ, ಅಲ್ಲಿಯವರೆಗೆ ಬಂದ, ಕೈ ಮುಗಿದ, ಸತ್ತ. ಅವನ ಹಿಂದಿನವನೂ ಅಷ್ಟೇ. ಮುಂದಿನ ಸಂತೆಗೆ ಅರ್ಧ ಜನ ಬಂದರು. ಅದರ ಮುಂದಿನ ಸಂತೆಗೆ ಯತ್ತಪ್ಪ ಬಂದು ಬಾಗಿಲಲ್ಲೇ ಕೂತು, ಎಲೆಯಡಿಕೆ ಹಾಕಿಕೊಂಡು, "ಹೆಂಗಿದೀರ ಕತೆಯಯ್ಯ" ಅಂತ ಕೇಳಿ, ಒಳಗೆ ಕಾಲಿಡದೆ ಹೋದ.

ಯಾಕೆ ನಡೆಯುತ್ತಿಲ್ಲ ಅನ್ನುವುದಕ್ಕೆ ಊರೆಲ್ಲ ಕಾರಣ ಹೇಳಿತು. ಬಣ್ಣ ಕಣ್ಣಿಗೆ ಚುಚ್ಚುತ್ತದೆ ಅಂದ ಟೀ ಅಂಗಡಿಯವನು. ಹಿಡಿ ಬಿಗಿ ಅಂದರು ಸಾಬರು, ಎಣ್ಣೆ ಬಿಟ್ಟುಕೊಟ್ಟರು. ಅಂಗಡಿಗೆ ದೃಷ್ಟಿಯಾಗಿದೆ ಅಂದಳು ಲಕ್ಕಮ್ಮ. ಗರುಡನ ವಿಷಯ ಇವತ್ತಲ್ಲ ನಾಳೆ ಸರಿಹೋಗುತ್ತದೆ ಅಂದುಕೊಂಡ ನಾಗಲಿಂಗ ಸದ್ದು ಕಡಿಮೆ ಮಾಡಿ ನೋಡಿದ, ಹೆಚ್ಚು ಮಾಡಿ ನೋಡಿದ, ಬಾಗಿಲಿಗೆ ಬಣ್ಣದ ಕಾಗದ ಅಂಟಿಸಿದ. ಸಿದ್ದಗಂಗಯ್ಯನಿಗೆ ಕಾರಣ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ. ಬಾಯಿ ಬಿಟ್ಟರೆ ಮತ್ತೆ ಮಾತು ಬೇಕಾಗುತ್ತದೆ. ಈ ಮೌನ ಈಗಷ್ಟೇ ಸಿಕ್ಕಿತ್ತು, ಹೊಸ ಕಂಬಳಿಯ ಹಾಗೆ. ಅದನ್ನು ಅಷ್ಟು ಬೇಗ ತೆಗೆದುಕೊಡಲು ಮನಸ್ಸಾಗಲಿಲ್ಲ.

ವಿಷಯ ಹೊರಗೆ ಬಿದ್ದದ್ದು ಪಾವಗಡದ ಕದಿರಯ್ಯನಿಂದ. ಅವನು ಆ ಕಡೆಯಿಂದ ಬರುವ ಖಾಸಗಿ ಬಸ್ಸಿನ ಕಂಡಕ್ಟರ್, ಮಾತಿಗೊಮ್ಮೆ ತೆಲುಗು ಬೆರೆಸುವವನು. ಟೀ ಕುಡಿಯಲು ಇಳಿದವನು ಅಂಗಡಿಯ ಮುಂದೆ ನಿಂತು, "ಏಂ ನಾಗಲಿಂಗಾ, ಇಲ್ಲಿ ನೊಣಾನೂ ಇಲ್ವಲ್ಲಪ್ಪಾ? ಮೀ ಪಾತ ಪೆಟ್ಟಿ ಅಲ್ಲಿ ಜೋರು ಕಣಯ್ಯಾ. ಕ್ಯೂ ನಿಂತವ್ರೆ ಹುಡುಗ್ರು," ಅಂದ.

"ಆ ಹಳೇ ಪೆಟ್ಟಿಗೇನಾ?"

"ಅದೇ. ಮ್ಯಾಲೆ ಒಂದು ಹೋಗ್ತದಲ್ಲಾ, ಅದು ಕಂಡ್ರೆ ಸಾಕು, ಠಪ್ ಅಂತ ಕೊಟ್ಟೇಸ್ತಾರು. ಅದಕ್ಕೇ ಅಂಕ ಜಾಸ್ತಿ ಅಂತೆ."

"ಕೈ ಮುಗಿಯಲ್ವಾ?"

"ದೇನಿಕಿ? ಯಾಕೆ ಮುಗೀಬೇಕು?" ಅಂದ ಕದಿರಯ್ಯ ಅಚ್ಚರಿಯಿಂದ. ಆಮೇಲೆ ಬಸ್ಸಿನ ಹಾರನ್ನು ಕೇಳಿ ಓಡಿದ.

ನಾಗಲಿಂಗ ನಿಧಾನಕ್ಕೆ ಮಾವನ ಕಡೆ ತಿರುಗಿದ. ಸಿದ್ದಗಂಗಯ್ಯ ತನ್ನ ಕಾಲಬೆರಳು ನೋಡುತ್ತ ಕೂತಿದ್ದ.

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಕಣಪ್ಪ."

"ಗೊತ್ತಿದ್ದೂ ಸುಮ್ಕಿದ್ಯಾ? ಆ ಬೆಂಗಳೂರಿನವ್ನು ಮುಂದಿನ ಸಂತೆಗೆ ಲಾರಿ ತರ್ತೀನಿ ಅಂದವ್ನೆ ಮಾವ. ಅವತ್ತು ಆಟ ನಡೆದ್ರೆ ಉಂಟು, ಇಲ್ಲಾಂದ್ರೆ ಪೆಟ್ಟಿಗೆ ಎತ್ಕಂಡು ಹೋಗೋನೇ. ಹಳೇದು ಕೊಡಯ್ಯಾ ಅಂದ್ರೆ ಅದು ಪಾವಗಡದಲ್ಲಿ ಓಡ್ತಾ ಐತೆ, ಕೊಡಲ್ಲ ಅಂದ. ಮತ್ತೆ ನಾನು ಆ ಮಿಲ್ಲಿಗೆ ಹೋಗಿ ಮೂಟೆ ಹೊರ್ಬೇಕಾ?" ನಾಗಲಿಂಗ ಮಾವನ ಮುಂದೆ ಕುಕ್ಕರುಗಾಲಲ್ಲಿ ಕೂತ. ದನಿ ಇಳಿಯಿತು. "ನೀನೇ ಇಟ್ಟ ಹೆಸರು, ನೀನೇ ತೆಗಿ. ಅದು ಗರುಡ ಅಲ್ಲ ಅಂತ ಒಂದು ಮಾತು ಹೇಳ್ಬುಡು. ನೀನು ಹೇಳಿದ್ರೆ ಕೇಳ್ತಾರೆ. ನಿನ್ ಕಾಲಿಗೆ ಬೀಳ್ತೀನಿ."

ಸಿದ್ದಗಂಗಯ್ಯ ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ನೋಡನ" ಅಂದ.

ಸಂತೆಯ ದಿನ ಬೆಳಕು ಹರಿಯುವ ಮುಂಚೆ ಎದ್ದು ಕೆರೆ ಏರಿಯ ಮೇಲೆ ಹೋಗಿ ಕೂತ. ನೀರು ತಳ ಹಿಡಿದಿತ್ತು. ಅವನಿಗೆ ಕತೆ ಕಲಿಸಿದವರು ಮಧುಗಿರಿ ಕಡೆಯ ಬೈಲಪ್ಪನವರು. ಕಲಿಸುವ ಮುಂಚೆ ಅವರು ಒಂದು ಕಟ್ಟು ಹಾಕಿದ್ದರು. ದೀಪದ ಮುಂದೆ ಯಾವುದಕ್ಕೆ ಏನು ಹೆಸರಿಟ್ಟೆಯೋ ಅದನ್ನು ಆಮೇಲೆ ಅಲ್ಲ ಅನ್ನಬೇಡ. ಕಲ್ಲಿಗೆ ದೇವರು ಅಂದರೆ ಎದ್ದು ಹೋಗುವಾಗಲೂ ಆ ಕಲ್ಲು ದೇವರೇ. ಕೇಳಿದವರು ಅದನ್ನು ಮನೆಗೆ ಒಯ್ದಿರುತ್ತಾರೆ, ನೀನು ಅಷ್ಟು ಮನೆಗೆ ಹೋಗಿ ಕಿತ್ತುಕೊಂಡು ಬರೋದು ಆಗದ ಕೆಲಸ. ಸಿದ್ದಗಂಗಯ್ಯ ತನಗೆ ತಾನೇ ವಾದ ಮಾಡಿದ. ಅಂಗಡಿಯಲ್ಲಿ ದೀಪ ಎಲ್ಲಿತ್ತು? ಗಂಟಲು ಒಣಗಿ ಆಡಿದ ಮಾತು ಅದು, ಕತೆಯೂ ಅಲ್ಲ. ಆದರೂ ಆ ಗಾಜಿನ ಬೆಳಕು ಎಲ್ಲರ ಮುಖದ ಮೇಲೆ ಬಿದ್ದಿತ್ತಲ್ಲ, ಕೈ ಮುಗಿದವರ ಮುಖದ ಮೇಲೆ. ಅವರು ಮುಗಿದ ಮೇಲೆ ತಾನೂ ಮುಗಿದಿದ್ದನಲ್ಲ.

ಒಂದು ಕಡೆ ಅಳಿಯನ ಬದುಕು, ಒಂದು ಕಡೆ ಈ ಮಾತು. ಎರಡನ್ನೂ ಉಳಿಸುವ ದಾರಿ ಇದೆಯೇ ಸ್ವಾಮೀ ಅಂತ ಕೇಳಿಕೊಂಡ. ಬಹಳ ಹೊತ್ತು ಕೂತ ಮೇಲೆ ಒಂದು ಹೊಳೆಯಿತು. ಹೆಸರನ್ನು ತೆಗೆಯುವುದು ಬೇಡ. ಗುಂಡನ್ನು ಹೂವು ಮಾಡಿದರಾಯಿತು.

ಮಧ್ಯಾಹ್ನ ಸಂತೆ ಮುಗಿಯುವ ಹೊತ್ತಿಗೆ ಸಿದ್ದಗಂಗಯ್ಯನೇ ಹೋಗಿ ಯತ್ತಪ್ಪನನ್ನು ಕರೆದ. ಕತೆಯಯ್ಯ ಮತ್ತೆ ಮಾತಾಡುತ್ತಾರಂತೆ ಅನ್ನುವ ಸುದ್ದಿ ಕುರಿಯವರಲ್ಲಿ ಹಬ್ಬಿ ಕೋಣೆ ತುಂಬಿತು. ವ್ಯಾಪಾರಿಯ ಲಾರಿ ಸಂದಿಯ ಬಾಯಲ್ಲಿ ಬಂದು ನಿಂತಿತ್ತು. ನಾಗಲಿಂಗ ಸದ್ದು ಇಳಿಸಿದ. ಲಕ್ಕಮ್ಮನೂ ಬಂದು ಬಾಗಿಲ ಮರೆಯಲ್ಲಿ ನಿಂತಳು.

ಯತ್ತಪ್ಪ ಆಡಿದ. ಸಿದ್ದಗಂಗಯ್ಯ ಹೇಳಿದ. ಗಂಟಲು ಮೊದಲು ತಡೆಯಿತು, ಆಮೇಲೆ ದಾರಿ ಬಿಟ್ಟಿತು. ಹಸಿರು ತೋಳಗಳಿಗೂ ಅವನ ಬಾಯಲ್ಲಿ ಊರು ಸಿಕ್ಕಿತು, ಹೆಸರು ಸಿಕ್ಕಿತು. ಜನ ನಕ್ಕರು, ಹೋ ಅಂದರು. ಹಳೇ ದಿನಗಳೇ ಮರಳಿ ಬಂದ ಹಾಗಿತ್ತು. ಕೊನೆಗೆ ಗಾಜು ತೆರವಾಗಿ ಗರುಡ ಇಳಿಯಿತು. ಕೈಗಳು ಮುಗಿದವು. ಬೆಂಕಿಗೆ ಒಬ್ಬ ಕಾವಲುಗಾರ ಹೋದ.

"ಮುಗೀರಪ್ಪಾ, ಮುಗೀರಿ," ಅಂದ ಸಿದ್ದಗಂಗಯ್ಯ. "ಇವತ್ತು ಸ್ವಾಮಿ ಬರಿಗೈ ಪೂಜೆ ಬ್ಯಾಡ ಅಂತವ್ನೆ. ಅದಕ್ಕೇ ಬೆಂಕಿ. ತೋಳ ಎಲ್ಲಾ ಸತ್ತವೆ, ಕಾವಲುಗಾರನ ಕೈಲಿ ಇನ್ನು ಕಲ್ಲಿಲ್ಲ. ಕವಣೇಲಿ ಹೂವ ಇಟ್ಟವ್ನೆ, ಕಣಗಿಲೆ ಹೂವ. ಹೂವ ಎಸಿ ಯತ್ತಪ್ಪಾ. ಸ್ವಾಮಿ ಪಾದಕ್ಕೆ ಮುಟ್ಟಲಿ, ಮುಟ್ಟಿದ್ರೆ ಬಾಗಿಲು ತೆಗೀತಾನೆ."

ಯತ್ತಪ್ಪ ಸಿದ್ದಗಂಗಯ್ಯನ ಮುಖ ನೋಡಿದ. ಆ ಮುಖವನ್ನು ಅವನು ನಂಬಿದ್ದ. ಹಿಡಿಯನ್ನು ಮೆಲ್ಲಗೆ ಸರಿಸಿ, ಕಣ್ಣಿಗೊತ್ತಿಕೊಂಡ ಬೆರಳಿಂದಲೇ ಗುಂಡಿ ಒತ್ತಿದ. ಚುಕ್ಕೆಯೊಂದು ಮೇಲೇರಿತು. ಇನ್ನೊಂದು ಏರಿತು. ಮೂರನೆಯದು ಹಕ್ಕಿಯ ಎದೆಗೆ ತಗುಲಿತು.

ಹಳೇ ಪೆಟ್ಟಿಗೆಯಾಗಿದ್ದರೆ ಅದು ಸುಮ್ಮನೆ ಮಾಯವಾಗುತ್ತಿತ್ತು, ಹೂವು ಮುಟ್ಟಿ ದೇವರು ಮರೆಯಾದ ಅನ್ನಬಹುದಿತ್ತು. ಹೊಸ ಪೆಟ್ಟಿಗೆ ಎಲ್ಲವನ್ನೂ ತೋರಿಸಿತು. ರೆಕ್ಕೆ ಒಂದು ಕಡೆ ಮುರಿದು ಬಿತ್ತು, ಬಿಳಿ ಕುತ್ತಿಗೆ ಒಂದು ಕಡೆ. ನಡುವೆ ಕೆಂಪಗೆ ಚೆಲ್ಲಿತು. ನಿಧಾನವಾಗಿ, ಎಲ್ಲರೂ ಸರಿಯಾಗಿ ನೋಡಲಿ ಅನ್ನುವಂತೆ ಚೂರುಗಳು ನೆಲಕ್ಕಿಳಿದವು. ಬಾಗಿಲು ತೆರೆದ ಸದ್ದು, ಮೆರವಣಿಗೆಯ ವಾದ್ಯದಂಥ ಸದ್ದು ಬಂತು.

"ಹೂವ ಬಿದ್ರೆ," ಯತ್ತಪ್ಪ ಬಹಳ ಮೆಲ್ಲಗೆ ಕೇಳಿದ, "ಅದು ಯಾಕೆ ಇಂಗೆ ಚೂರಾಯ್ತು ಕತೆಯಯ್ಯ?"

ಎಷ್ಟೋ ಊರಿನ ಎಷ್ಟೋ ದೀಪಗಳ ಮುಂದೆ ಜನ ಸಿದ್ದಗಂಗಯ್ಯನನ್ನು ಏನೇನೋ ಕೇಳಿದ್ದರು. ಇಷ್ಟು ಮೆಲ್ಲಗೆ ಯಾರೂ ಕೇಳಿರಲಿಲ್ಲ.

ಯತ್ತಪ್ಪ ಹಿಡಿ ಬಿಟ್ಟ. ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡು, ಕಂಬಳಿಯೊಳಗೆ ಇಟ್ಟುಕೊಂಡು ಹಿಂದೆ ಸರಿದ. ಇನ್ನೂ ಇಬ್ಬರು ಕಾವಲುಗಾರರು ಗಾಜಿನ ಮೇಲೆ ಕಾಯುತ್ತಿದ್ದರು, ಹೊಸ ತೋಳಗಳು ಇಳಿಯತೊಡಗಿದ್ದವು. ಆಡುವವರಿಲ್ಲ.

ನಾಗಲಿಂಗನಿಗೆ ತಡೆಯಲಾಗಲಿಲ್ಲ. ಜನರನ್ನು ಸರಿಸಿಕೊಂಡು ನುಗ್ಗಿದ.

"ಏನ್ರೋ ನೀವು! ಗಾಜಿನೊಳಗಿರೋ ಬಣ್ಣ ಕಣ್ರೋ ಅದು! ಗರುಡ ಅಂತೆ ಗರುಡ. ಪಾವಗಡದಲ್ಲಿ ದಿನಾ ಹೊಡೀತವ್ರೆ, ಯಾರ ಕಣ್ಣು ಹೋಗೈತೆ? ನಾನು ಹೊಡೀತೀನಿ, ನೋಡ್ಕಳಿ. ಏನೂ ಆಗಲ್ಲ."

ಅವನು ಹಲ್ಲು ಕಚ್ಚಿ ಆಡಿದ. ಸಾಲು ಸಾಲು ತೋಳ ಮುಗಿಸಿದ. ಗರುಡ ಮತ್ತೆ ಇಳಿಯಿತು, ಮೊದಲಿಗಿಂತ ದೊಡ್ಡದು. ಕೈ ಮುಗಿದು ನಿಂತವರ ಮುಂದೆ ಅವನು ಗುಂಡಿಯನ್ನು ಜೋರಾಗಿ ಒತ್ತಿದ. ಚುಕ್ಕೆ ಏರುತ್ತಾ ಇತ್ತು.

ಕರೆಂಟು ಹೋಯಿತು.

ಗಾಜು ಕಪ್ಪಾಯಿತು. ಮೇಲಿನ ಫ್ಯಾನು ತಿರುಗಿ ತಿರುಗಿ ನಿಂತಿತು. ಹೊರಗೆ ಹೋಟೆಲಿನ ರೇಡಿಯೋ ಅರ್ಧದಲ್ಲಿ ಕತ್ತರಿಸಿತು. ಸಂತೆಯ ದಿನ ಆ ಹೊತ್ತಿಗೆ ಕರೆಂಟು ಹೋಗುವುದು ಶಿರಾದಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಯಾರೂ ಅಲುಗಲಿಲ್ಲ. ಬಾಗಿಲಿಂದ ಬಿದ್ದ ಬಿಸಿಲಿನಲ್ಲಿ ಎಲ್ಲ ಮುಖಗಳೂ ಸಿದ್ದಗಂಗಯ್ಯನ ಕಡೆ ತಿರುಗಿದ್ದವು. ನಾಗಲಿಂಗನೂ ತಿರುಗಿದ್ದ. ಅವನ ತೋರುಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು.

"ಕರೆಂಟು ಹೋಯ್ತು ಕಣ್ರಪ್ಪಾ," ಅಂದ ಸಿದ್ದಗಂಗಯ್ಯ. "ಅಷ್ಟೇಯ. ಬೇರೇನಿಲ್ಲ. ಇನ್ನೊಂದು ಗಳಿಗೆಗೆ ಬತ್ತದೆ."

ಅದು ನಿಜವಾದ ಮಾತು. ಆ ಕೋಣೆಯಲ್ಲಿ ಅವನು ಆಡಿದ್ದ ಅಷ್ಟೂ ಮಾತಿನಲ್ಲಿ ಬಣ್ಣವಿಲ್ಲದ ಮಾತು ಅದೊಂದೇ. ಅದನ್ನು ಮಾತ್ರ ಯಾರೂ ನಂಬಲಿಲ್ಲ. ಒಬ್ಬೊಬ್ಬರಾಗಿ ಕೆನ್ನೆ ತಟ್ಟಿಕೊಂಡು ಹೊರಗೆ ಹೋದರು. ಯತ್ತಪ್ಪ ಕೊನೆಗೆ ಹೋದ. ಹೋಗುವಾಗ ಸಿದ್ದಗಂಗಯ್ಯನ ಮೊಣಕಾಲು ಮುಟ್ಟಿ, "ನೀವೇನು ಮಾಡೀರಿ ಬುಡಿ. ಅಳಿಮಯ್ಯನ ಸಂಕಟ, ಅದಕ್ಕೆ ಅಂಗಂದ್ರಿ. ನಂಗೆ ಗೊತ್ತಾಯ್ತದೆ," ಅಂದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕರೆಂಟು ಬಂತು. ಪೆಟ್ಟಿಗೆ ತಾನಾಗಿಯೇ ಡೋಲು ಬಡಿದು, ಸಿಳ್ಳೆ ಹಾಕಿ, ಖಾಲಿ ಕೋಣೆಗೆ ತನ್ನ ಬಣ್ಣಗಳನ್ನೆಲ್ಲ ಮೊದಲಿನಿಂದ ತೋರಿಸತೊಡಗಿತು. ವ್ಯಾಪಾರಿ ಒಳಗೆ ಇಣುಕಿದ, ನೋಡಿದ, ಲಾರಿಯ ಹುಡುಗರಿಗೆ ಹಗ್ಗ ತರಲು ಹೇಳಿದ.

ನಾಗಲಿಂಗ ಗೋಡೆಗೆ ಒರಗಿ ನಿಂತಿದ್ದ. ಸುಣ್ಣ ಅವನ ಅಂಗಿಯ ಬೆನ್ನಿಗೆ ಹತ್ತಿತ್ತು.

"ಅವತ್ತು ನಿನ್ ಬಾಯಿ ಸುಮ್ಕಿದ್ದಿದ್ರೆ ಆಗ್ತಿತ್ತು ಮಾವ," ಅಂದ. "ಗರುಡ ಅನ್ನದೆ ಇದ್ದಿದ್ರೆ ಆಗ್ತಿತ್ತು."

ಬಾಯಿ ಸುಮ್ಮನಿದ್ದಿದ್ದರೆ ಆ ಮೊದಲ ದಿನವೇ ಜನ ತಿಗಣೆ ಅಂತ ನಕ್ಕು ಎದ್ದು ಹೋಗುತ್ತಿದ್ದರು ಅಂತ ಸಿದ್ದಗಂಗಯ್ಯ ಹೇಳಬಹುದಿತ್ತು. ಹೇಳಲಿಲ್ಲ. ಆ ಮಾತಿನಲ್ಲಿ ನಾನು ಅನ್ನುವುದು ಜಾಸ್ತಿ ಇತ್ತು. ಜನ ಬಂದದ್ದು ತನ್ನ ಮಾತಿಗೆ ಅಂದುಕೊಂಡಿದ್ದ. ಮಾತು ಬರೀ ಬಾಗಿಲು ತೋರಿಸಿತ್ತು, ಕೈ ಮುಗಿದವರು ಅವರು. ಆಟದೊಳಗೆ ಒಂದು ಗಳಿಗೆ ಆಟ ಬಿಟ್ಟು ನಿಲ್ಲುವುದಕ್ಕೆ ಅವರು ಬರುತ್ತಿದ್ದರು. ಹೊಸ ಪೆಟ್ಟಿಗೆಯಲ್ಲಿ ಬಣ್ಣವಿತ್ತು, ಸದ್ದಿತ್ತು. ನಿಲ್ಲುವುದಕ್ಕೆ ಜಾಗವಿರಲಿಲ್ಲ.

"ಹೂಂ ಕಣಪ್ಪ," ಅಂದ ಅಷ್ಟೇ.

ಲಕ್ಕಮ್ಮ ಒಳಗೆ ಬಂದು, ಪೆಟ್ಟಿಗೆಯ ಹಣೆಯ ಮೇಲೆ ತಾನೇ ಇಟ್ಟಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಬೇರೆ ಊರಿಗೆ ಹೋಗುವ ಸಾಮಾನು, ಹಾಗೇ ಕಳಿಸಬಾರದು ಅನ್ನಿಸಿತೋ ಏನೋ. ಆಮೇಲೆ ಅಣ್ಣನ ಕಡೆ ನೋಡಿ, "ಗಂಟ್ಲು ಹೆಂಗದೆ?" ಅಂದಳು. ಅವನು ಪರವಾಗಿಲ್ಲ ಅನ್ನುವಂತೆ ಕೈಯಾಡಿಸಿದ.

ಪೆಟ್ಟಿಗೆಯನ್ನು ಸಂದಿಯಿಂದ ಹೊರಗೆ ತರುವುದಕ್ಕೆ ಮೂರು ಜನ ಸಾಲಲಿಲ್ಲ. ನಾಗಲಿಂಗನೂ ಹೆಗಲು ಕೊಟ್ಟ. ಮೂಟೆ ಹೊತ್ತು ಅಭ್ಯಾಸವಿದ್ದ ಹೆಗಲು, ಭಾರವನ್ನು ಗೊಣಗದೆ ಒಪ್ಪಿಕೊಂಡಿತು. ಲಾರಿಗೆ ಏರಿಸಿ, ಹಗ್ಗ ಬಿಗಿದು, ಅವನು ಮೇಲೆಯೇ ನಿಂತು ಗಂಟು ಹಾಕುತ್ತಿದ್ದ. ನಾಳೆ ಬೆಳಿಗ್ಗೆ ಮಿಲ್ಲಿನ ಮೇಸ್ತ್ರಿಯನ್ನು ನೋಡಬೇಕು ಅಂತ ಕೆಳಗಿದ್ದ ಯಾರಿಗೋ ಹೇಳುತ್ತಿದ್ದ. ದನಿಯಲ್ಲಿ ಸಿಟ್ಟು ಆರಿತ್ತು, ಸುಸ್ತು ಉಳಿದಿತ್ತು.

ಸಿದ್ದಗಂಗಯ್ಯ ಟೀ ಅಂಗಡಿಯ ಜಗುಲಿಯ ಮೇಲೆ ಕೂತು ನೋಡುತ್ತಿದ್ದ. ಇನ್ನು ಅವನು ಸುಮ್ಮನಿರಬಹುದು. ಬೇಡಿದ್ದು ಪೂರ್ತಿಯಾಗಿ ಸಿಕ್ಕಿತ್ತು, ಇಷ್ಟು ಪೂರ್ತಿಯಾಗಿ ಸಿಗುತ್ತದೆ ಅಂದುಕೊಂಡಿರಲಿಲ್ಲ.

ಸಂತೆಯ ಮೈದಾನದ ಮೇಲೆ, ಕುರಿಗಳು ಎಬ್ಬಿಸಿ ಹೋದ ದೂಳಿನ ಆಚೆ, ಗರುಡವೊಂದು ಸುತ್ತು ಹಾಕುತ್ತ ಬಂತು. ಇಳಿಬಿಸಿಲು ಅದರ ಬಿಳಿ ಕುತ್ತಿಗೆಯ ಮೇಲೆ ಬಿದ್ದಿತ್ತು. ಲಾರಿಯ ಮೇಲಿದ್ದ ನಾಗಲಿಂಗ ತಲೆಯೆತ್ತಿದ. ಹಲ್ಲಿನಲ್ಲಿ ಕಚ್ಚಿದ್ದ ಹಗ್ಗದ ತುದಿಯನ್ನು ಹಾಗೇ ಕಚ್ಚಿಕೊಂಡು, ಎರಡೂ ಕೈ ಮುಗಿದು ಕೆನ್ನೆ ತಟ್ಟಿಕೊಂಡ. ಆಮೇಲೆ ಬಗ್ಗಿ ಗಂಟು ಹಾಕುವುದನ್ನು ಮುಂದುವರಿಸಿದ. ತಾನೇನು ಮಾಡಿದೆ ಅನ್ನುವುದು ಅವನಿಗೆ ತಿಳಿದಂತೆಯೂ ಇರಲಿಲ್ಲ.

ಸಿದ್ದಗಂಗಯ್ಯ ಕಂಡ. ಯಾರಿಗೂ ಹೇಳಲಿಲ್ಲ. ಎದ್ದು, ಅಳಿಯ ಇಳಿಯುವಾಗ ಕೈ ಕೊಡೋಣ ಅಂತ ಲಾರಿಯ ಕಡೆ ನಿಧಾನವಾಗಿ ನಡೆದ.